ರೋಡ್ ಬಾರೀ ಚಾಯಿ ಉಂಡ್!

ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ ಮಗಳಿಗೆ ಕೆಲಸ ಸಿಕ್ಕಿದೆ. ಮಡಿಕೇರಿಯ ಒಂದು ಕಚೇರಿಯಲ್ಲಿ, ಗುತ್ತಿಗೆ ಮೇಲೆ, ‘ಮಾನವ ವಿವೇಚನೆ’ ಎಂಬ ಹುದ್ದೆ. ನಾನು ನಂಬದಿದ್ದಾಗ ಆರ್ಡರ್ ತಂದು ತೋರಿಸಿದಳು. ‘ಡಾಟಾ ಎಂಟ್ರಿ ಆಪರೇಟರ್’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಮೇಲೆ ನೀಲಿ ಪೆನ್ನಿನಲ್ಲಿ ಹಾಗಂತ ಬರೆದಿದ್ದಾರೆ. ಸಂಬಳದ ಅಂಕಿಯನ್ನು ಮಾತ್ರ ಯಾರೂ ಮುಟ್ಟಿಲ್ಲ.

ವಿಷಯ ಇಷ್ಟು. ಜಿಲ್ಲೆಯ ಜನ ಫೇಸ್‌ಬುಕ್, ಎಕ್ಸ್, ಯೂಟ್ಯೂಬಿನಲ್ಲಿ ಗೀಚಿದ್ದನ್ನೆಲ್ಲ ಒಂದು ಯಂತ್ರ ಓದುತ್ತದೆ. ಓದಿ ಮೂರು ಬುಟ್ಟಿಗೆ ಹಾಕುತ್ತದೆ: ಸಂತೋಷ, ಅಸಮಾಧಾನ, ತಟಸ್ಥ. ಯಂತ್ರಕ್ಕೆ ಅನುಮಾನ ಬಂದದ್ದು ಹುಡುಗಿಯ ಟೇಬಲಿಗೆ ಬರುತ್ತದೆ. ಇವಳು ಹಾಕಿದ ಗುರುತು ನೋಡಿಕೊಂಡು ಯಂತ್ರ ಕಲಿಯುತ್ತದೆ. ಏರ್ಪಾಡು ಕೆಟ್ಟದ್ದೇನಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಷ್ಟೇ ಹೊಸದಿರಲಿ, ಕೊನೆಗೆ ಕಪ್ಪು ಬೀಜ ಆರಿಸಲು ಮೊರ ಹಿಡಿದ ಹೆಂಗಸರು ಕೂರಲೇಬೇಕಲ್ಲ. ತೊಂದರೆ ಇರುವುದು ಬೇರೆ ಕಡೆ. ತನಗೆ ಅನುಮಾನವಿದೆ ಎಂಬುದೇ ಎಷ್ಟೋ ಸಲ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಮೊದಲ ವಾರವೇ ಸಾಹೇಬರು ಇವಳನ್ನು ಕರೆಸಿದರಂತೆ. “ಏನಮ್ಮ, ರಸ್ತೆ ಬಗ್ಗೆ ಅಭಿಪ್ರಾಯ ಕೇಳಿದ್ರೆ ಎಲ್ಲರೂ ಟೀ ಬಗ್ಗೆ ಬರ್ದಿದ್ದಾರಲ್ಲ? ಕಾಫಿ ಜಿಲ್ಲೆ ಅಲ್ವಾ ಇದು?” ತೆಗೆದು ನೋಡಿದರೆ, ಯಾರೋ ಪುಣ್ಯಾತ್ಮರು ಇಂಗ್ಲಿಷ್ ಅಕ್ಷರದಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಟೈಪ್ ಮಾಡಿದ್ದಾರೆ: ‘ರೋಡ್ ಬಾರೀ ಚಾಯಿ ಉಂಡ್.’ ಚಾಯಿ ಎಂದರೆ ಚಂದ. ಯಂತ್ರಕ್ಕೆ ಅದು ಚಾಯ್. ಅನುಮಾನವೇ ಇಲ್ಲದೆ ‘ಪಾನೀಯ, ಆತಿಥ್ಯ’ ಎಂಬ ಶೀರ್ಷಿಕೆಯಡಿ ಜೋಡಿಸಿಬಿಟ್ಟಿದೆ.

“ಅದು ಚಹಾ ಅಲ್ಲ ಸಾರ್, ರಸ್ತೆ ತುಂಬಾ ಚೆನ್ನಾಗಿದೆ ಅಂತ ಅರ್ಥ” ಎಂದಳು ಹುಡುಗಿ.

“ಹಾಗಾದ್ರೆ ಸಂತೋಷಕ್ಕೆ ಹಾಕು.”

“ಬೈದಿದ್ದು ಸಾರ್.”

ಸಾಹೇಬರು ಘಟ್ಟದ ಕೆಳಗಿನವರಲ್ಲ, ಮೇಲಿನವರೂ ಅಲ್ಲ, ವರ್ಗವಾಗಿ ಬಂದವರು. ಚೆನ್ನಾಗಿದೆ ಎಂದು ಬರೆದದ್ದು ಬೈಗುಳ ಹೇಗಾಗುತ್ತದೆ ಎಂದು ಅರ್ಧ ಗಂಟೆ ಕೇಳಿ, ಕೊನೆಗೆ ಷರಾ ಬರೆದರಂತೆ: ‘ಭಾಷಾಂತರದಂತೆ ಸಂತೋಷ.’

ಕೈಮುಗಿದ ಇಮೋಜಿಯ ಕಥೆಯೂ ಇದೇ. ಯಂತ್ರಕ್ಕೆ ಅದು ಕೃತಜ್ಞತೆ. ‘ನಿಮ್ಗೊಂದು ದೊಡ್ಡ ನಮಸ್ಕಾರ ಮಾರಾಯ್ರೆ’ ಎಂಬ ಮಾತನ್ನು ನಮ್ಮೂರಲ್ಲಿ ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಎಂದು ಅದಕ್ಕೆ ಹೇಳಿಕೊಡುವವರು ಯಾರು? ‘ಗುಂಡಿಯಲ್ಲಿ ಸ್ವಿಮ್ಮಿಂಗ್ ಪೂಲ್ ಫ್ರೀ, ಸೂಪರ್ ಸಾರ್’ ಎಂಬುದು ಎರಡು ತಿಂಗಳು ಪ್ರವಾಸೋದ್ಯಮದ ಸಾಧನೆಯಾಗಿ ಲೆಕ್ಕಕ್ಕಿತ್ತು.

ಯಂತ್ರವನ್ನೇ ದೂರಿ ಪ್ರಯೋಜನವಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಬೆರೆಸಿದ ಯೂಟ್ಯೂಬ್ ಕಾಮೆಂಟುಗಳನ್ನು ಸಂಶೋಧಕರು ಮನುಷ್ಯರಿಂದಲೇ ಓದಿಸಿ, ಗುರುತು ಹಾಕಿಸಿ 2020ರಲ್ಲಿ ಪ್ರಕಟಿಸಿದ್ದಾರೆ. ಏಳು ಸಾವಿರಕ್ಕೂ ಹೆಚ್ಚು ಕಾಮೆಂಟುಗಳು, ಒಳ್ಳೆಯ ಕೆಲಸ. ಅದರಲ್ಲಿ ‘ಇದು ಕನ್ನಡವಲ್ಲ’ ಎಂಬುದಕ್ಕೂ ಒಂದು ಬುಟ್ಟಿ ಇಟ್ಟಿದ್ದರು. ಕೊಡಗಿನಲ್ಲಿ ಆ ಬುಟ್ಟಿ ಇಟ್ಟರೆ ಉಳಿದ ಬುಟ್ಟಿಗಳಿಗೆ ಕೆಲಸವೇ ಇರುವುದಿಲ್ಲ. ಇಲ್ಲಿ ಒಂದು ಕಾಮೆಂಟು ಅರೆಭಾಷೆಯಲ್ಲಿ ಹೊರಟು, ಕನ್ನಡದಲ್ಲಿ ಗೇರು ಬದಲಿಸಿ, ಇಂಗ್ಲಿಷಿನಲ್ಲಿ ಬೈದು, ಮಲಯಾಳದಲ್ಲಿ ನಿಟ್ಟುಸಿರು ಬಿಡುತ್ತದೆ.

ಮಳೆಯ ವಿಷಯಕ್ಕೆ ಬಂದರೆ ಯಂತ್ರ ಪೂರಾ ತೊಪ್ಪೆ. ‘ಮಳೆ’ ಎಂದರೆ ದುಃಖ ಎಂದು ಅದಕ್ಕೆ ಕಲಿಸಿಟ್ಟಿದ್ದಾರೆ. 2018ರ ಆಗಸ್ಟ್ ಕಂಡವರು ಇವತ್ತಿಗೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತಾರೆ, ಆದ್ದರಿಂದ ಪೂರ್ತಿ ತಪ್ಪೆನ್ನಲಾರೆ. ಆದರೆ ಮಾರ್ಚಿನಲ್ಲಿ ‘ಮಳೆ ಬಂತು’ ಎಂದರೆ ನಮಗೆ ಹಬ್ಬ. ರೊಬಸ್ಟಾ ಕಾಫಿ ಅರಳಲು ಹೂಮಳೆ ಒಂದಿಂಚಾದರೂ ಬೀಳಬೇಕು, ಇಲ್ಲವಾದರೆ ಸ್ಪ್ರಿಂಕ್ಲರಿಗೆ ಡೀಸೆಲ್ ಸುರಿಯಬೇಕು. ಅದೇ ಎರಡು ಪದ ಜನವರಿಯಲ್ಲಿ, ಕಣದ ತುಂಬ ಕಾಫಿ ಹರಡಿರುವಾಗ ಬಂದರೆ, ಅದರ ಹಿಂದೆ ಬರುವ ಮೂರನೆಯ ಪದವನ್ನು ಇಲ್ಲಿ ಅಚ್ಚು ಹಾಕಲಾಗದು. ತಿಂಗಳು ನೋಡದೆ ಮಳೆಯ ಅರ್ಥ ಹೇಳುವವರನ್ನು ನಾವು ಟೂರಿಸ್ಟ್ ಎನ್ನುತ್ತೇವೆ.

ಇದರ ಮೇಲೆ ಸೆಂಟಿನ ಗೋಜಲು ಬೇರೆ. ನಮ್ಮ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಮಳೆಮಾಪಕ ನೋಡಿ ‘ನಮ್ಮಲ್ಲಿ 80 ಸೆಂಟ್’ ಎಂದು ಹಾಕುತ್ತಾನೆ. ಕೆಳಗೆ ಇನ್ನೊಬ್ಬ ‘ನಮ್ಮಲ್ಲಿ 120’ ಎಂದು ಹೊಟ್ಟೆ ಉರಿಸುತ್ತಾನೆ. ಜಮೀನಿಗೂ ಸೆಂಟೇ ತಾನೆ? ಹೂಮಳೆ ಬಿದ್ದ ಮರುದಿನ, ಯಂತ್ರದ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡಿನಲ್ಲಿ ಗೋಣಿಕೊಪ್ಪ ಕಡೆ ರಿಯಲ್ ಎಸ್ಟೇಟ್ ಭರಾಟೆ ಕೆಂಪಗೆ ಮಿನುಗಿತು. ಒಂದೇ ರಾತ್ರಿಯಲ್ಲಿ ಇಷ್ಟೊಂದು ಜಮೀನು ಯಾರು ಮಾರಿದರು ಎಂದು ವಿವರಣೆ ಕೇಳಿ ಪತ್ರವೂ ಹೋಯಿತು.

ಇವೆಲ್ಲ ನಗುವ ತಪ್ಪುಗಳು. ನಗು ಬಾರದ ತಪ್ಪು ಒಂದಿದೆ. 2019ರ ಜೂನಿನಲ್ಲಿ ಕೊಡಗಿನವರು ‘ನಮಗೆ ತುರ್ತು ಆಸ್ಪತ್ರೆ ಬೇಕು’ ಎಂದು ಟ್ವಿಟರಿನಲ್ಲಿ ಹ್ಯಾಷ್‌ಟ್ಯಾಗ್ ಹಿಡಿದು ಕೂಗಿದ್ದು ದೇಶಕ್ಕೇ ಕೇಳಿಸಿತ್ತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಆಂಬುಲೆನ್ಸಿನಲ್ಲಿ ಹೋಗುವ ದಾರಿಯಲ್ಲೇ ಜೀವ ಹೋಗುವ ಊರಿನವರ ಕೂಗು ಅದು. ಆ ಹಳೆಯ ಸಾಲನ್ನು ಹುಡುಗಿ ಪರೀಕ್ಷೆಗೆಂದು ಯಂತ್ರದೊಳಗೆ ಹಾಕಿದಳು. ಉತ್ತರ: ತಟಸ್ಥ. ಬೈದಿಲ್ಲ, ಹೊಗಳಿಲ್ಲ, ಇನ್ನೇನು ಹಾಕಬೇಕು ಅದು? ‘ಬೇಕು’ ಎಂಬುದಕ್ಕೆ ಬುಟ್ಟಿಯನ್ನೇ ಇಟ್ಟಿಲ್ಲ. ನಾಲ್ಕನೆಯ ಬುಟ್ಟಿ ಮಾಡಿಸೋಣವೇ ಎಂದು ಕೇಳಿದ್ದಕ್ಕೆ, ಟೆಂಡರಿನಲ್ಲಿ ಮೂರೇ ಇರುವುದು ಎಂಬ ಉತ್ತರ ಬಂತು.

ಒಬ್ಬರ ವಿವೇಚನೆಯನ್ನೇ ನಂಬಬಾರದು, ಇಬ್ಬರಿಂದ ಗುರುತು ಹಾಕಿಸಿ ಎಷ್ಟು ಹೊಂದುತ್ತದೆ ನೋಡಬೇಕು ಎಂಬುದು ಈ ವಿದ್ಯೆಯ ನಿಯಮ. ಇಬ್ಬರೂ ಕಣ್ಣು ಮುಚ್ಚಿ ಹಾಕಿದರೂ ಅಷ್ಟಿಷ್ಟು ಹೊಂದೀತಲ್ಲ, ಆ ಆಕಸ್ಮಿಕವನ್ನು ಕಳೆದು ಉಳಿದದ್ದನ್ನು ಅಳೆಯಲು ಜೇಕಬ್ ಕೋಹೆನ್ ಎಂಬವರು 1960ರಲ್ಲೇ ಒಂದು ಅಳತೆ ಕೊಟ್ಟರು. ಪೂರ್ತಿ ಹೊಂದಿದರೆ ಒಂದು, ಬರೀ ಅದೃಷ್ಟವಾದರೆ ಸೊನ್ನೆ. ಅದರ ಹೆಸರು ಕಪ್ಪಾ. ನಮ್ಮ ಕಚೇರಿಗಳಿಗೆ ಇದು ಹೊಸದಲ್ಲ. ಇಬ್ಬರು ಒಪ್ಪಬೇಕಾದರೆ ನಡುವೆ ಕಪ್ಪ ಇದ್ದೇ ಇರುತ್ತಿತ್ತು. ಎರಡನೆಯ ವಿವೇಚಕರಾಗಿ ಸಾಹೇಬರೇ ಕುಳಿತರು. ಮೊದಲ ತಿಂಗಳು ಕಪ್ಪಾ ಸೊನ್ನೆಯ ಹತ್ತಿರ ಒದ್ದಾಡಿತು. ಗುತ್ತಿಗೆ ನವೀಕರಣದ ಕಡತ ಮೇಜಿನ ಮೇಲೆ ಬಂದ ತಿಂಗಳು ನೇರ ಒಂದಕ್ಕೆ ಏರಿತು. ಮಾನವ ಮತ್ತು ಯಂತ್ರದ ಸಮನ್ವಯ ಯಶಸ್ವಿ ಎಂದು ವರದಿಯಾಯಿತು.

ಜುಲೈ ಬಂತು. ಮರ ಬಿತ್ತು, ಕಂಬ ಬಿತ್ತು, ಕರೆಂಟ್ ಹೋಯಿತು, ಟವರಿನ ಬ್ಯಾಟರಿ ಮುಗಿಯಿತು. ಜಿಲ್ಲೆಯ ಅರ್ಧ ಭಾಗದಿಂದ ಒಂದೇ ಒಂದು ಕಾಮೆಂಟಿಲ್ಲ. ಅಸಮಾಧಾನದ ಗೆರೆ ಜಾರಿ ನೆಲಕ್ಕೆ ತಾಗಿತು. ಮಳೆಗಾಲದ ಸಿದ್ಧತೆ ಜನಕ್ಕೆ ಹಿಡಿಸಿದೆ ಎಂದು ಸಾಹೇಬರು ಸಭೆಯಲ್ಲಿ ಗ್ರಾಫ್ ತೋರಿಸಿದರಂತೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ, ಫೋನು ಕಾರು ಇದ್ದವರ ಪಟ್ಟಿಗಳನ್ನು ನೆಚ್ಚಿಕೊಂಡು ಚೀಟಿ ಕಳಿಸಿ, ಸುಮಾರು 24 ಲಕ್ಷ ಉತ್ತರ ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತ್ತು. ಎದುರಾಳಿ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಪಾಪ, ಆ ಪತ್ರಿಕೆಗಾದರೂ ಚುನಾವಣೆ ಎಂಬ ಫಲಿತಾಂಶ ಎದುರಿಗಿತ್ತು. ನಮ್ಮ ಡ್ಯಾಶ್‌ಬೋರ್ಡಿಗೆ ಎದುರು ಸಾಕ್ಷಿ ಹೇಳಲು ಸಿಗ್ನಲ್ ಬೇಕು.

ನಾಲ್ಕನೆಯ ದಿನ ನನಗೆ ತಡೆಯಲಾಗಲಿಲ್ಲ. ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತ, ಸಿಗ್ನಲ್ ಸಿಗುವ ತಿರುವಿನವರೆಗೆ ಹತ್ತಿ ಒಂದು ಕಾಮೆಂಟ್ ಹಾಕಿದೆ: ‘ನಾಲ್ಕು ದಿನದಿಂದ ಕರೆಂಟಿಲ್ಲ, ಬಾರೀ ಚಾಯಿ ಉಂಡ್. ನಿನ್ನೆ 640 ಸೆಂಟ್.’ ಕೊನೆಗೊಂದು ಕೈಮುಗಿದ ಇಮೋಜಿ.

ಇಳಿಯುವ ಮೊದಲೇ ಫೋನ್ ಬಂತು. “ಅಂಕಲ್, ಬೆಳಿಗ್ಗೆಯಿಂದ ಬಂದಿದ್ದೇ ಇದೊಂದು. ಯಂತ್ರ ಮೊದಲ ಸಲ ತನಗೆ ಏನೇನೂ ಗೊತ್ತಾಗ್ಲಿಲ್ಲ ಅಂತ ಕಳಿಸಿದೆ. ಎಂತ ಹಾಕೋದು?”

“ಎಂತೆಂತ ಉಂಟು?”

“ಚಹಾ ಉಂಟು, ಕೃತಜ್ಞತೆ ಉಂಟು, ಜಮೀನು ಉಂಟು.”

“ಜಮೀನು ಅಂತಲೇ ಹಾಕು ಮಗಳೇ. ಮನೆ ಹಿಂದಿನ ಗುಡ್ಡದ ಬರೆ ಜರಿದು ಹತ್ತು ಸೆಂಟ್ ಹೋಗಿದೆ.”