ಏಜೆಂಟ್ ಯಾಕೆ ಯಾವಾಗಲೂ ಕಿರುಚುತ್ತಾನೆ?

ಹಾಲಿವುಡ್ ಏಜೆಂಟರನ್ನು, ಅಂದರೆ ನಟರಿಗೆ, ಬರಹಗಾರರಿಗೆ ಕೆಲಸ ಕುದುರಿಸಿ ಕೊಡುವವರನ್ನು, ಗೇಲಿ ಮಾಡುವ ಇನ್ನೊಂದು ಸಿನಿಮಾ ನೋಡಿ ಮುಗಿಸಿದೆ. ಮತ್ತದೇ ಕಿರುಚಾಟ. ಏಜೆಂಟ್ ಅಂದಮೇಲೆ ಫೋನಿನಲ್ಲಿ ಅರಚಬೇಕು, ಸಹಾಯಕನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯಬೇಕು, ಮರುಕ್ಷಣವೇ ಹೀರೋಗೆ ಬೆಣ್ಣೆ ಹಚ್ಚಬೇಕು. ಗೇಲಿ ಮಾಡೋದಕ್ಕೂ ಸ್ವಲ್ಪ ಹೋಂವರ್ಕ್ ಬೇಕಲ್ವಾ?

ಡೇವಿಡ್ ಗೆಫೆನ್ ಕಥೆಯನ್ನೇ ತಗೊಳ್ಳಿ. 1964, ನ್ಯೂಯಾರ್ಕಿನ ವಿಲಿಯಂ ಮಾರಿಸ್ ಏಜೆನ್ಸಿ. ಅಲ್ಲಿ ಏಜೆಂಟ್ ಆಗಬೇಕಾದವರು ಮೊದಲು ಮೇಲ್‌ರೂಮಿನಲ್ಲಿ ಟಪಾಲು ಹಂಚಬೇಕಿತ್ತು, ಅದಕ್ಕೂ ಡಿಗ್ರಿ ಬೇಕಿತ್ತು. ಈತ ಕಾಲೇಜನ್ನು ಅರ್ಧಕ್ಕೇ ಬಿಟ್ಟವನು. ಲಾಸ್ ಏಂಜಲೀಸಿನ ಯುಸಿಎಲ್‌ಎ ಯೂನಿವರ್ಸಿಟಿಯ ಪದವೀಧರ ಅಂತ ಅರ್ಜಿಯಲ್ಲಿ ಸುಮ್ನೆ ಬರೆದುಬಿಟ್ಟ. ಏಜೆನ್ಸಿಯವರು ವಿಚಾರಿಸಿ ಯೂನಿವರ್ಸಿಟಿಗೆ ಕಾಗದ ಬರೆದರು. ಬೇರೆಯವರಾದರೆ ಊರು ಬಿಡುತ್ತಿದ್ದರು. ಈತ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಟಪಾಲು ತಡಕತೊಡಗಿದ. ಉತ್ತರ ಬಂದ ದಿನ ಲಕೋಟೆಯನ್ನು ಹಬೆಗೆ ಹಿಡಿದು ಅಂಟು ಬಿಡಿಸಿ, ಒಳಗಿನ ಕಾಗದ ತೆಗೆದು, ‘ಹೌದು, ನಮ್ಮಲ್ಲೇ ಓದಿದವನು’ ಅನ್ನುವ ಅರ್ಥದ ಇನ್ನೊಂದನ್ನು ಇಟ್ಟ. ಇದು ಯಾರೋ ಹಬ್ಬಿಸಿದ ಗಾಳಿಮಾತಲ್ಲ, ಅವನೇ ಬಾಯಿಬಿಟ್ಟು ಹೇಳಿಕೊಂಡದ್ದು. ಕೆಲಸ ಉಳಿಯಿತು. ಏಜೆಂಟ್ ಆದ, ರೆಕಾರ್ಡ್ ಕಂಪನಿ ಕಟ್ಟಿದ, 1994ರಲ್ಲಿ ಸ್ಪೀಲ್‌ಬರ್ಗ್ ಮತ್ತು ಕಟ್ಜೆನ್‌ಬರ್ಗ್ ಜೊತೆ ಸೇರಿ ಡ್ರೀಮ್‌ವರ್ಕ್ಸ್ ಸಿನಿಮಾ ಸ್ಟುಡಿಯೋ ಶುರುಮಾಡಿದ. 2002ರಲ್ಲಿ ಯುಸಿಎಲ್‌ಎ ವೈದ್ಯಕೀಯ ಶಾಲೆಗೆ 20 ಕೋಟಿ ಡಾಲರ್ ಕೊಟ್ಟ. ಆ ಶಾಲೆಗೆ ಈಗ ಅವನದೇ ಹೆಸರು. ಸಿನಿಮಾದಲ್ಲಿ ಇದನ್ನು ತೋರಿಸಿದರೆ ಅತಿಯಾಯ್ತು ಅಂತ ನಾವೇ ಬೈತೀವಿ!

ಇಡೀ ಕಥೆಯಲ್ಲಿ ಒಂದೇ ಒಂದು ಕಿರುಚಾಟ ಇಲ್ಲ ನೋಡಿ.

ನಿಜವಾದ ಆಟವೂ ಹೀಗೇ ಸದ್ದಿಲ್ಲದ್ದು. ಗಿರಾಕಿಯ ಸಂಬಳದಲ್ಲಿ ಏಜೆಂಟನಿಗೆ ನೂರಕ್ಕೆ ಹತ್ತು, ಇದು ಹಳೇ ಲೆಕ್ಕ. ಅವನಿಗೆ ಜಾಸ್ತಿ ಸಿಕ್ಕರೆ ಇವನಿಗೂ ಜಾಸ್ತಿ. ಆಮೇಲೆ ಪ್ಯಾಕೇಜಿಂಗ್ ಅಂತ ಬಂತು. ಒಂದು ಟಿವಿ ಸರಣಿಗೆ ಬೇಕಾದ ಬರಹಗಾರ, ನಿರ್ದೇಶಕ, ನಟ ಎಲ್ಲರನ್ನೂ ಒಟ್ಟಿಗೆ ಕಟ್ಟಿಕೊಟ್ಟು, ಏಜೆನ್ಸಿ ನೇರವಾಗಿ ಸ್ಟುಡಿಯೋದಿಂದಲೇ ದುಡ್ಡು ಎಣಿಸಿಕೊಳ್ಳುವುದು. ಬರಹಗಾರನ ಸಂಬಳ ಏರಿದರೇನು, ಇಳಿದರೇನು ಏಜೆನ್ಸಿಗೆ? ಇದು ಅರ್ಥವಾಗಿ, 2019ರ ಏಪ್ರಿಲ್‌ನಲ್ಲಿ ಸಾವಿರಾರು ಬರಹಗಾರರು ತಮ್ಮ ಏಜೆಂಟರನ್ನು ಒಟ್ಟಿಗೇ ಕಿತ್ತುಹಾಕಿದರು. ಹೇಗೆ ಗೊತ್ತಾ? ಬರೆಯೋದೇ ಹೊಟ್ಟೆಪಾಡು ಮಾಡಿಕೊಂಡ ಜನ, ಒಬ್ಬೊಬ್ಬರೂ ಎಂತೆಂಥ ಬೈಗುಳ ಬರೆಯಬಹುದಿತ್ತು! ಆದರೆ ಬರಹಗಾರರ ಸಂಘ ಕೊಟ್ಟ ರೆಡಿಮೇಡ್ ಪತ್ರಕ್ಕೆ ಎಲ್ಲರೂ ಸಹಿ ಹಾಕಿ ಕಳಿಸಿದರು.