ಗಾಡಿ ಓಡಿಸದೆಯೇ ಸದ್ದು ಪತ್ತೆ ಮಾಡುವವರಿಗೆ

ಕಾರಿನ ಹಿಂದಿನಿಂದ ಗೊಂಯ್ ಅಂತ ಸದ್ದು ಬರುತ್ತಿದೆ ಅಂದರೆ ಸಾಕು, "ವೀಲ್ ಬೇರಿಂಗ್ ಹೋಗಿದೆ ಸಾರ್, ಎರಡೂ ಕಡೆ ಹಾಕ್ಬಿಡೋಣ" ಅನ್ನುತ್ತಾರೆ ಗ್ಯಾರೇಜಿನವರು. ಒಂದು ಸುತ್ತು ಓಡಿಸಿ ನೋಡಿಲ್ಲ. ಯಾವ ಸ್ಪೀಡಿನಲ್ಲಿ ಬರುತ್ತದೆ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ತಿರುವಿನಲ್ಲಿ ಬದಲಾಗುತ್ತದಾ, ಒಂದನ್ನೂ ಕೇಳಿಲ್ಲ. ಬೇರಿಂಗ್ ಹಾಕಿದರು, ಬಿಲ್ ಕೈಗಿಟ್ಟರು. ಸದ್ದು ಹಾಗೇ ಇತ್ತು. "ಹಾಗಾದ್ರೆ ಟೈರ್ ಇರ್ಬೇಕು." ಟೈರೂ ಬದಲಾಯಿತು, ಸದ್ದು ಮಾತ್ರ ಹೋಗಲಿಲ್ಲ. "ಹಾಗಾದ್ರೆ ಗೇರ್ ಬಾಕ್ಸ್ ಇಳಿಸಿ ನೋಡ್ಬೇಕು." ನಾನು ಒಪ್ಪದೆ ಇದ್ದಾಗ ಬಂದ ಮಾತು ಇದು: "ಹಳೇ ಗಾಡಿ ಸಾರ್, ಇಷ್ಟು ಸೌಂಡ್ ಇದ್ದೇ ಇರತ್ತೆ."

ಇದ್ದೇ ಇರುತ್ತದೆ ಅನ್ನುವುದಾದರೆ ಬೇರಿಂಗ್ ಯಾಕೆ ಬಿಚ್ಚಿದಿರಿ?

ನನ್ನದು 20 ವರ್ಷ ದಾಟಿದ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ಗೇರ್ ಮ್ಯಾನುಯಲ್. ಹಿಂದಿನ ಓನರ್ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಹಿಂದಿನ ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಬಾಡಿಗೆ ಕೂರುವ ಮೌಂಟಿಗೆ ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕಿಸಿದ್ದಾರೆ. ಮೂಲ ರಬ್ಬರ್ ಹೀರಿಕೊಳ್ಳುತ್ತಿದ್ದ ಸದ್ದು ಈಗ ಬಾಡಿಗೆ ನೇರ ಹತ್ತುತ್ತದೆ, ಹಾಗಾಗಿ ಹುಟ್ಟುವ ಜಾಗ ಒಂದು, ಕೇಳಿಸುವ ಜಾಗ ಇನ್ನೊಂದು. ಇಂಥ ಗಾಡಿಯಲ್ಲಿ ಸುಮ್ನೆ ಕಿವಿಗೆ ಬಿದ್ದ ಕಡೆಯೇ ಬಿಚ್ಚುತ್ತಾ ಹೋದರೆ ಏನಾಗಬೇಕು? ಆಗಿದ್ದು ಅದೇ.

ಸದ್ದಿಗೆ ಒಂದು ಲೆಕ್ಕ ಇದೆ. ತಿರುಗುವ ಪ್ರತಿಯೊಂದು ಭಾಗಕ್ಕೂ ತನ್ನದೇ ವೇಗ ಇದೆ, ತನ್ನದೇ ಲೋಡ್ ಇದೆ. ವೀಲ್ ಬೇರಿಂಗ್ ಹೋಗಿದ್ದರೆ, ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಗಡೆಗೆ ಹೋಗುತ್ತದೆ, ಬಲಗಡೆಯ ಬೇರಿಂಗ್ ಜಾಸ್ತಿ ಕೂಗುತ್ತದೆ. ನನ್ನ ಸದ್ದು ಎಡಕ್ಕೂ ಬಲಕ್ಕೂ ಬದಲಾಗುವುದೇ ಇಲ್ಲ. ಟೈರ್ ಸದ್ದಾದರೆ ನುಣುಪು ರಸ್ತೆಯಲ್ಲಿ ಒಂದು ಥರ, ಒರಟು ರಸ್ತೆಯಲ್ಲಿ ಇನ್ನೊಂದು ಥರ. ಇದು ಎಲ್ಲ ಕಡೆ ಒಂದೇ. ಇನ್ನು ಗೇರ್ ಬಾಕ್ಸ್. ಒಂದೇ ಸ್ಪೀಡ್ ಇಟ್ಟುಕೊಂಡು ಮೂರನೇ ಗೇರಿನಿಂದ ನಾಲ್ಕಕ್ಕೆ, ಐದಕ್ಕೆ ಹಾಕಿ. ಎಂಜಿನ್ ಆರ್‌ಪಿಎಂ ಇಳಿಯುತ್ತದೆ, ಗೇರ್ ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ವೇಗ ಇಳಿಯುತ್ತದೆ, ಆದರೂ ಸದ್ದಿನ ಶ್ರುತಿ ಒಂದು ಚೂರೂ ಇಳಿಯುವುದಿಲ್ಲ. ಕ್ಲಚ್ ಒತ್ತಿದರೂ ಅಷ್ಟೇ. ಅಂದಮೇಲೆ ಎಂಜಿನ್ ಅಲ್ಲ, ಕ್ಲಚ್ ಅಲ್ಲ, ಕ್ಲಚ್ ಒತ್ತಿದಾಗ ಕೆಲಸ ಮಾಡುವ ರಿಲೀಸ್ ಬೇರಿಂಗ್ ಅಲ್ಲ, ಗೇರ್ ಬಾಕ್ಸಿನ ಮುಂದಿನ ಭಾಗವೂ ಅಲ್ಲ. ಇದನ್ನು ತಿಳಿಯಲು ಒಂದೇ ಒಂದು ಸ್ಪ್ಯಾನರ್ ಬೇಕಾಗಿಲ್ಲ, ಹತ್ತು ನಿಮಿಷ ಗಾಡಿಯಲ್ಲಿ ಕೂತರೆ ಸಾಕು. ಆ ಹತ್ತು ನಿಮಿಷ ಕೊಡಲು ಒಬ್ಬರಿಗೂ ಮನಸ್ಸಿಲ್ಲ, ಗೇರ್ ಬಾಕ್ಸ್ ಇಳಿಸಲು ಮಾತ್ರ ಎಲ್ಲರೂ ರೆಡಿ.

ಉಳಿದಿದ್ದು ಡಿಫರೆನ್ಷಿಯಲ್. ಆಕ್ಸಿಲರೇಟರ್ ಒತ್ತಿ ಎಳೆಯುವಾಗ ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾಲು ಎತ್ತಿದ ತಕ್ಷಣ ಶುರು, ಯಾವ ಸ್ಪೀಡಿನಲ್ಲಿ ಎತ್ತಿದರೂ. ಹೀಗೆ ಬಿಟ್ಟಾಗ ಮಾತ್ರ ಕೂಗುವ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಪಿನಿಯನ್ (ಎಂಜಿನ್ ಕಡೆಯಿಂದ ತಿರುಗುವ ಚಿಕ್ಕ ಗೇರ್) ಬೇರಿಂಗ್ ಸವೆದಿರುತ್ತದೆ, ಇಲ್ಲವೇ ಅದರ ಪ್ರೀಲೋಡ್, ಅಂದರೆ ಬೇರಿಂಗ್ ಅಲುಗದಂತೆ ಹಿಡಿದಿಡುವ ಬಿಗಿತ, ಸಡಿಲ ಆಗಿರುತ್ತದೆ. ಕಾಲು ಎತ್ತಿದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಲೋಡ್ ಹಿಮ್ಮುಖವಾಗುತ್ತದೆ. ಹೀಗೆ ಹಲ್ಲಿನ ಮೇಲೆ ಬೀಳುವ ಒತ್ತಡದ ದಿಕ್ಕು ಬದಲಾದಾಗ ಪಿನಿಯನ್ ಜಾಗ ಬಿಟ್ಟು ಸ್ವಲ್ಪ ಜರಗುತ್ತದೆ, ಅದಕ್ಕೆ ಕೂಡಿಕೊಂಡ ದೊಡ್ಡ ಗೇರ್ ಆದ ಕ್ರೌನ್ ವೀಲ್ ಜೊತೆ ಹಲ್ಲು ಸರಿಯಾಗಿ ಕೂರುವುದಿಲ್ಲ, ಅದೇ ಕೂಗು.

ಬಾಯಿಮಾತಿಗೆ ಬೆಲೆ ಇಲ್ಲ ಅಂತ ಫೋನಿನಲ್ಲಿ ಫ್ರೀಕ್ವೆನ್ಸಿಯನ್ನೂ ಹಿಡಿದೆ. ಟೈರಿನ ಸುತ್ತಳತೆ ಸುಮಾರು 2 ಮೀಟರ್. 80 ಕಿಲೋಮೀಟರ್ ಸ್ಪೀಡಿನಲ್ಲಿ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ನನ್ನ ಡಿಫರೆನ್ಷಿಯಲ್‌ನಲ್ಲಿ ಕ್ರೌನ್ ವೀಲಿಗೆ 41 ಹಲ್ಲು, ಅದು ಚಕ್ರದಷ್ಟೇ ವೇಗದಲ್ಲಿ ತಿರುಗುತ್ತದೆ. 11ನ್ನು 41ರಿಂದ ಗುಣಿಸಿದರೆ 450ರ ಆಸುಪಾಸು. ಫೋನಿನಲ್ಲಿ ಎದ್ದು ಕಂಡ ಗೆರೆಯೂ 450 ಹರ್ಟ್ಸ್ ಆಸುಪಾಸಿನಲ್ಲೇ. ಸ್ಪೀಡ್ ಇಳಿಸಿದರೆ ಗೆರೆಯೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಕಾರು ತಾನೇ ಬಾಯಿಬಿಟ್ಟು ಹೇಳಲು ಸಾಧ್ಯವಾ? ಅದನ್ನು ತೋರಿಸಿದರೆ "ಸಾರ್, ಆ ಆ್ಯಪ್ ಎಲ್ಲ ನಂಬ್ಬೇಡಿ" ಅಂತ ಉತ್ತರ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಚಕ್ರ ಕೈಯಲ್ಲಿ ತಿರುಗಿಸಿ, "ನೋಡಿ, ಏನೂ ಇಲ್ಲ" ಅಂದರು. ಗಾಳಿಯಲ್ಲಿ ತೂಗುವ ಚಕ್ರಕ್ಕೆ ಲೋಡ್ ಎಲ್ಲಿಂದ ಬರಬೇಕು? ಲೋಡ್ ಬಿದ್ದಾಗ ಮಾತ್ರ ಬರುವ ಸದ್ದನ್ನು ಲೋಡ್ ಇಲ್ಲದೆ ಹುಡುಕಿ, ಇಲ್ಲ ಅಂತ ತೀರ್ಪು ಕೊಡುವುದು ಯಾವ ಸೀಮೆ ಪರೀಕ್ಷೆ?

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಆಯಿಲ್‌ದು. ನನಗೆ ಹೇಳದೆ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿದ್ದಾರೆ. ಇಳಿಸಿದ ಆಯಿಲ್ ನೋಡಿದರಾ? ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ನೋಡಿದರಾ? ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಮಾಮೂಲಿ ಸವೆತ, ಕಣ್ಣಿಗೆ ಕಾಣುವ ಚೂರು ಅಥವಾ ಪದರ ಇದ್ದರೆ ಒಳಗೆ ಏನೋ ಒಡೆಯುತ್ತಿದೆ ಅಂತ ಅರ್ಥ. ಇಡೀ ಗಾಡಿಯಲ್ಲಿ ಸಿಗಬಹುದಾಗಿದ್ದ ಒಳ್ಳೆಯ ಸಾಕ್ಷಿಯನ್ನು ಬಟ್ಟೆಯಲ್ಲಿ ಒರೆಸಿ ಬಿಸಾಕಿದ್ದಾರೆ. ಸಾಲದ್ದಕ್ಕೆ ಇದು ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ನೆ ತಿರುಗದಂತೆ ತಡೆಯುವಂಥದ್ದು), ಇದಕ್ಕೆ ಆ ಪ್ಲೇಟ್‌ಗಳು ಅಂಟಿ ಜಗ್ಗದಂತೆ ನೋಡಿಕೊಳ್ಳುವ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿದ ಆಯಿಲ್ ಬೇಕು. ಇವರು ಸಾದಾ ಗೇರ್ ಆಯಿಲ್ ಸುರಿದಿದ್ದಾರೆ. ಈಗ ಪಾರ್ಕಿಂಗಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಹಿಂದಿನಿಂದ ಗಡಗಡ ಅಂತ ನಡುಗುತ್ತದೆ. ಒಂದು ಸದ್ದು ಹಿಡಿದುಕೊಂಡು ಹೋದವನಿಗೆ ಎರಡು ಮಾಡಿ ಕಳಿಸಿದರು. ಕೇಳಿದರೆ ಅದಕ್ಕೂ ಗಾಡಿ ಹಳೆಯದಾಗಿರುವುದೇ ಕಾರಣವಂತೆ!

ಎಲ್ಲ ಮೆಕ್ಯಾನಿಕ್‌ಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಉದ್ದದ ಸ್ಕ್ರೂಡ್ರೈವರ್ ಕಿವಿಗೆ ಇಟ್ಟು ಯಾವ ಬೇರಿಂಗ್ ಹೋಗಿದೆ ಅಂತ ಹೇಳುವ ಹಿರಿಯರನ್ನು ನೋಡಿದ್ದೇನೆ, ಅಂಥವರ ಮೇಲೆ ತುಂಬಾ ಗೌರವ ಇದೆ. ಕೋಪ ಇರುವುದು ಕೇಳಿಸಿಕೊಳ್ಳದವರ ಮೇಲೆ. ಊಹೆ ಅವರದು, ಊಹೆ ತಪ್ಪಾದಾಗ ಖರ್ಚು ನಮ್ಮದು, ಇದು ಯಾವ ನ್ಯಾಯ? ಹಳೇ ಪರ್ಫಾರ್ಮೆನ್ಸ್ ಕಾರಿನ ಬಿಡಿಭಾಗ ಸಿಗುವುದೇ ಕಷ್ಟ. ಚೆನ್ನಾಗಿದ್ದ ಮೂಲ ಬೇರಿಂಗನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆದ ಮೇಲೆ ಅದನ್ನು ವಾಪಸ್ ಹಾಕಲು ಆಗುತ್ತದಾ? ಆಗಲ್ಲ, ಕಥೆ ಮುಗಿಯಿತು.

ಈಗ ಹೊಸ ಸಲಹೆ ಬಂದಿದೆ. "ಡಿಫರೆನ್ಷಿಯಲ್ ಬಿಚ್ಚೋದೇನೂ ಬೇಡ ಸಾರ್, ಪಿನಿಯನ್ ನಟ್ ಒಂದರ್ಧ ಸುತ್ತು ಟೈಟ್ ಮಾಡಿದ್ರೆ ಸೌಂಡ್ ನಿಲ್ಲತ್ತೆ." ಅಯ್ಯಾ, ಆ ನಟ್ಟಿನ ಹಿಂದೆ ಕ್ರಶ್ ಸ್ಲೀವ್ ಇದೆ, ನಟ್ ಬಿಗಿದಂತೆ ಅಮುಕಿಕೊಂಡು ಪ್ರೀಲೋಡ್ ಹಿಡಿದಿಡುವ ಕೊಳವೆ. ಅದು ಒಂದು ಸಲ ಎಷ್ಟು ಅಮುಕಿತೋ ಅಷ್ಟೇ, ಮತ್ತೆ ಹಿಗ್ಗುವುದಿಲ್ಲ. ಅಳತೆ ಇಲ್ಲದೆ ಅರ್ಧ ಸುತ್ತು ಬಿಗಿದರೆ ಪ್ರೀಲೋಡ್ ಮಿತಿ ಮೀರಿ ಬೇರಿಂಗ್ ಕಾದು ಸುಟ್ಟುಹೋಗುತ್ತದೆ, ಜೊತೆಗೆ ಪಿನಿಯನ್ನೂ ಕ್ರೌನ್ ವೀಲೂ ಹೋಗಬಹುದು. ಗಾಡಿ ವಾಪಸ್ ತಂದು ನಿಲ್ಲಿಸಿದ್ದೇನೆ. ಟಾರ್ಕ್ ಮೀಟರ್ ಮತ್ತು ಡಯಲ್ ಗೇಜ್ ಇಟ್ಟುಕೊಂಡು ಪ್ರೀಲೋಡ್, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎರಡನ್ನೂ ನನ್ನ ಕಣ್ಣೆದುರು ಅಳೆದು ತೋರಿಸುವವರು ಸಿಗುವವರೆಗೆ ಆ ನಟ್ಟಿಗೆ ಯಾರೂ ಸ್ಪ್ಯಾನರ್ ಹಚ್ಚುವ ಹಾಗಿಲ್ಲ.