ಸೀದ ಕಾಫಿಯ ವಾಸನೆ

ಕಾರಿನ ಚಕ್ರದೊಳಗೆ ಇಣುಕುವ ಚಟವಿರುವ ನನ್ನ ಭಾವಮೈದುನನ ಮಾತು ಕೇಳಿ, ಚೆನ್ನಾಗಿಯೇ ಇದ್ದ ಮುಂದಿನ ಬ್ರೇಕ್ ಡಿಸ್ಕುಗಳನ್ನು, ಅಂದರೆ ಚಕ್ರದೊಡನೆ ತಿರುಗುವ, ಬ್ರೇಕು ಹಿಡಿದು ನಿಲ್ಲಿಸುವ ಕಬ್ಬಿಣದ ಬಿಲ್ಲೆಗಳನ್ನು, ತೆಗೆಸಿ, ಜರಡಿಯಂತೆ ತೂತುಗಳಿದ್ದ ಅಗ್ಗದ ಡಿಸ್ಕುಗಳನ್ನು ಹಾಕಿಸಿದೆ. ತೂತಿನಲ್ಲಿ ಗಾಳಿಯಾಡಿ ಬ್ರೇಕು ತಣ್ಣಗಿರುತ್ತದೆ ಎಂಬುದು ಅವನ ವಾದ. ರೇಸಿನ ಕಾರಿನಂತೆ ಕಾಣುತ್ತದೆ ಎಂಬುದು ನಾನು ಯಾರಿಗೂ ಹೇಳದ ಕಾರಣ.

ಆ ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೋದೆ. ಇಳಿಯುವಾಗ ಪೆಟ್ರೋಲ್ ಉಳಿಸುವ ಘನ ಉದ್ದೇಶದಿಂದ ಗೇರನ್ನು ನ್ಯೂಟ್ರಲ್‌ಗೆ ತಂದವನು ಗಿರಿಯ ಬುಡದಲ್ಲಿರುವ ಕೈಮರದವರೆಗೂ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. 1,300 ಕಿಲೋ ತೂಕದ ಕಾರು 600 ಮೀಟರ್ ಕೆಳಗಿಳಿದರೆ ಹೊಮ್ಮುವ ಶಕ್ತಿಯಿಂದ 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದೆಂದು ಆಮೇಲೆ ಲೆಕ್ಕ ಹಾಕಿದೆ. ಗಾಳಿಗೂ ಟೈರಿಗೂ ಹೋದ ಪಾಲನ್ನು ಬಿಟ್ಟರೆ, ಆ ಬಚ್ಚಲ ಹಂಡೆಯ ಉರಿಯನ್ನೆಲ್ಲ ನುಂಗಿದ್ದು ಬ್ರೇಕುಗಳು.

“ಎಲ್ಲೋ ಕಾಫಿ ಹುರೀತಿದ್ದಾರೆ, ಸ್ವಲ್ಪ ಸೀದಿದೆ” ಎಂದರು ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು. ನಮ್ಮ ಚಿಕ್ಕಮಗಳೂರಿನಲ್ಲಿ ಆ ಊಹೆಯನ್ನು ಅಲ್ಲಗಳೆಯುವುದು ಕಷ್ಟ. ಆದರೆ ಕೈಮರದಲ್ಲಿ ಇಳಿದು ನೋಡಿದಾಗ ಹೊಗೆ ಬರುತ್ತಿದ್ದುದು ನಮ್ಮದೇ ಚಕ್ರದಿಂದ. ಗಾಬರಿಯಲ್ಲಿ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ಅದರ ಮೇಲೆ ಸುರಿದೆ. ಚೊಂಯ್ ಎಂದಿತು.

ಕೆಲವು ದಿನಗಳಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನಡುಗತೊಡಗಿತು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲೆಳೆಯಂತೆ ಹರಿದಿದ್ದ ಬಿರುಕನ್ನು ಉಗುರಿನಿಂದ ಗೀರಿ ತೋರಿಸಿದ. ಡಿಸ್ಕಿನ ಮೇಲ್ಮೈ ಕಾದು ಹಿಗ್ಗಲು ಹೊರಟಾಗ ಒಳಗಿನ ತಣ್ಣನೆಯ ಕಬ್ಬಿಣ ಅದನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಹಾಗೆ ಅದುಮಿಸಿಕೊಂಡ ಮೇಲ್ಮೈ ಆರುವಾಗ ಕುಗ್ಗಲು ಹೊರಟರೆ, ಒಳಗಿನ ಕಬ್ಬಿಣ ಆಗಲೂ ಬಿಡದೆ ಎಳೆತಕ್ಕೆ ಸಿಕ್ಕುತ್ತದೆ. ಇದು ಮತ್ತೆ ಮತ್ತೆ ನಡೆದಾಗ, ಎಳೆತ ಹೆಚ್ಚು ಬೀಳುವ ತೂತಿನ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ. ತೂತು ಕೊರೆದಷ್ಟೂ ಶಾಖ ಹೀರುವ ಕಬ್ಬಿಣವೂ ಕಡಿಮೆಯಾಗುತ್ತದೆ. ನಿಜವಾಗಿ ಗಾಳಿಯಾಡಿಸುತ್ತಿದ್ದುದು ನಾನು ಗುಜರಿಗೆ ಹಾಕಿದ್ದ ಹಳೆಯ ಡಿಸ್ಕು: ಎರಡು ತಟ್ಟೆಗಳ ನಡುವೆ ರೆಕ್ಕೆಗಳಿದ್ದ ಅದು ತಿರುಗುತ್ತಾ ಮಧ್ಯದಿಂದ ಗಾಳಿಯನ್ನೆಳೆದು ಅಂಚಿನಿಂದ ಹೊರಗೆಸೆಯುತ್ತಿತ್ತು. “ನೀರು ಗೀರು ಹಾಕಿದ್ರಾ ಸಾರ್?” ಎಂದು ಅವನು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹೆಂಡತಿ ಬಿಡಲಿಲ್ಲ. “ಅದೂ ಬೀಡು ಕಬ್ಬಿಣ, ನನ್ನ ದೋಸೆ ಕಾವಲಿನೂ ಬೀಡು ಕಬ್ಬಿಣ. ಕಾದ ಕಾವಲಿಗೆ ಯಾರಾದರೂ ನೀರು ಸುರೀತಾರಾ?” ದೋಸೆ ಹುಯ್ಯುವ ಮುಂಚೆ ನೀನೇ ಹಾಕುತ್ತೀಯಲ್ಲ ಎಂದೆ. “ಚಿಮುಕಿಸೋದು ಬೇರೆ, ಚೆಂಬುಗಟ್ಟಲೆ ಸುರಿಯೋದು ಬೇರೆ” ಎಂಬ ಉತ್ತರದಲ್ಲಿ ಮೆಕ್ಯಾನಿಕ್ ಹೇಳಿದ್ದೆಲ್ಲ ಅಡಗಿತ್ತು.

ಈಗ ತೂತಿಲ್ಲದ, ರೆಕ್ಕೆಯ ಡಿಸ್ಕುಗಳಿವೆ. ದೀಪಾವಳಿಗೆ ಬಂದ ಭಾವಮೈದುನ ಚಕ್ರದೊಳಗೆ ಇಣುಕಿ “ಏನ್ ಭಾವ, ಹಳೇ ಕಾಲದ್ದು ಹಾಕ್ಸಿದೀರಾ” ಎಂದು ಮುಖ ಸಿಂಡರಿಸಿದ. ಅವನನ್ನೂ ಗಿರಿಗೆ ಕರೆದೊಯ್ದು, ಎರಡನೆಯ ಗೇರಿನಲ್ಲಿ ಎಂಜಿನ್ನಿಗೇ ಕಾರನ್ನು ತಡೆಯುವ ಕೆಲಸ ಕೊಟ್ಟು, ತಿರುವುಗಳಲ್ಲಷ್ಟೇ ಬ್ರೇಕ್ ಮುಟ್ಟುತ್ತಾ ಇಳಿಸಿದೆ. ಕೈಮರ ಬಂದಾಗ ಅತ್ತೆಯವರು ಕಿಟಕಿ ಇಳಿಸಿ ಮೂಸಿದರು. “ಯಾಕೆ ಅಳಿಯಂದಿರೇ, ಈ ಸಲ ಯಾರೂ ಕಾಫಿ ಹುರೀತಿಲ್ವಲ್ಲ?”